ಎರಡನೇ ಸುತ್ತು ನಮಗಿಲ್ಲ, ಗೆಳೆಯರೇ!

ಕಳೆದ ಸಲ ಓಟಿನ ದಿನ ನೀವು ಎಲ್ಲಿದ್ದಿರಿ?

ಸುಮ್ಮನೆ ಕೇಳುತ್ತಿಲ್ಲ. ಎದೆ ಮುಟ್ಟಿಕೊಂಡು ಹೇಳಿ. ಬೆರಳಿಗೆ ಶಾಯಿ ಹಾಕಿಸಿಕೊಂಡಿರಾ? ಇಲ್ಲಾ, ರಜೆ ಸಿಕ್ಕಿತೆಂದು ಗೆಳೆಯರನ್ನು ಕಟ್ಟಿಕೊಂಡು ನಂದಿಬೆಟ್ಟಕ್ಕೋ ಮಡಿಕೇರಿಗೋ ಬೈಕ್ ಹತ್ತಿದಿರಾ? "ನಾನೊಬ್ಬ ಹೋಗದಿದ್ದರೆ ಏನು ಮುಳುಗಿಹೋಗುತ್ತೆ ಸಾರ್? ಎಲ್ಲಾ ಕಳ್ಳರೇ ತಾನೇ?" ಈ ಮಾತನ್ನು ಎಷ್ಟು ಸಲ ಕೇಳಿಲ್ಲ ನಾವು! ಮೆರವಣಿಗೆ ಎಂದರೆ ನೀವು ಮುಂದಿನ ಸಾಲಿನಲ್ಲಿರುತ್ತೀರಿ. ಬಾವುಟ ಹಿಡಿಯುತ್ತೀರಿ, ಗಂಟಲು ಹರಿಯುವಂತೆ ಘೋಷಣೆ ಕೂಗುತ್ತೀರಿ, ಪೊಲೀಸರ ಲಾಠಿಗೂ ಹೆದರುವುದಿಲ್ಲ. ಆ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಮತಗಟ್ಟೆಯ ಸಾಲಿನಲ್ಲಿ ಮಾತ್ರ ನಿಮ್ಮ ಮುಖ ಕಾಣುವುದಿಲ್ಲವಲ್ಲ, ಯಾಕೆ?

ಬೈಯುವುದಕ್ಕೆ ಮೊದಲು ಒಂದು ಕಥೆ ಹೇಳುತ್ತೇನೆ. ಕಟ್ಟುಕಥೆಯಲ್ಲ, ನಡೆದದ್ದು. ಓಟು ಹಾಕಲು ಸೋಮಾರಿತನ ಮಾಡಿ, ಆಮೇಲೆ ಹದಿನಾಲ್ಕು ದಿನ ಬೀದಿಯಲ್ಲಿ ನಿಂತು ಅತ್ತ ದೇಶವೊಂದರ ಕಥೆ. ಆ ದೇಶ ನಮ್ಮಂತೆ ಬಡದೇಶವಲ್ಲ. ರಾಜನ ತಲೆ ತೆಗೆದು ಜಗತ್ತಿಗೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳಿದ ಫ್ರಾನ್ಸ್. ವರ್ಷ 2002.

ಆ ಭಾನುವಾರ ರಾತ್ರಿ 8 ಗಂಟೆ

ಫ್ರಾನ್ಸಿನಲ್ಲಿ ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ. 1962ರಲ್ಲಿ ಡಿಗಾಲ್ ಜನಮತಗಣನೆ ನಡೆಸಿ ತಂದ ಪದ್ಧತಿ ಇದು. ಮೊದಲ ಚುನಾವಣೆ ನಡೆದದ್ದು 1965ರಲ್ಲಿ. ನಿಯಮ ಸರಳ. ಮೊದಲ ಸುತ್ತಿನಲ್ಲಿ ಎಷ್ಟು ಜನ ಬೇಕಾದರೂ ನಿಲ್ಲಲಿ. ಬಿದ್ದ ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆದವನು ಅಲ್ಲೇ ಗೆದ್ದ. ಯಾರಿಗೂ ಅರ್ಧ ದಾಟಲಾಗದಿದ್ದರೆ ಮೊದಲ ಇಬ್ಬರು ಮಾತ್ರ ಉಳಿಯುತ್ತಾರೆ. ಉಳಿದವರೆಲ್ಲ ಮನೆಗೆ. ಎರಡು ವಾರ ಬಿಟ್ಟು ಆ ಇಬ್ಬರ ನಡುವೆ ಎರಡನೇ ಸುತ್ತು. ಡಿಗಾಲ್ ಅಂಥ ಡಿಗಾಲ್‌ಗೇ 1965ರಲ್ಲಿ ಮೊದಲ ಸುತ್ತಿನಲ್ಲಿ ಅರ್ಧ ದಾಟಲಾಗಲಿಲ್ಲ. ಅಂದಿನಿಂದ 2022ರವರೆಗೆ ಒಬ್ಬನೇ ಒಬ್ಬ ಮೊದಲ ಸುತ್ತಿನಲ್ಲೇ ಗೆದ್ದ ಉದಾಹರಣೆಯಿಲ್ಲ. ಪ್ರತಿಸಲವೂ ತೀರ್ಮಾನವಾದದ್ದು ಎರಡನೇ ಸುತ್ತಿನಲ್ಲೇ.

ಹೀಗಾಗಿ ಅಲ್ಲಿನ ಜನರ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು. ಮೊದಲ ಸುತ್ತು ಮನಸ್ಸಿಗೆ, ಎರಡನೇ ಸುತ್ತು ಬುದ್ಧಿಗೆ. ಮೊದಲ ಸುತ್ತಿನಲ್ಲಿ ಇಷ್ಟ ಬಂದವರಿಗೆ ಒತ್ತು, ಸಿಟ್ಟು ತೀರಿಸಿಕೋ, ಬೇಕಾದರೆ ಮನೆಯಲ್ಲೇ ಮಲಗು. ನಿಜವಾದ ಆಟ ಎರಡನೇ ಸುತ್ತಿನಲ್ಲಿ ತಾನೇ?

2002ರಲ್ಲಿ ಎಲ್ಲರಿಗೂ ಗೊತ್ತಿದ್ದ "ಸತ್ಯ" ಏನೆಂದರೆ, ಎರಡನೇ ಸುತ್ತಿಗೆ ಬರುವವರು ಇಬ್ಬರೇ. ಒಬ್ಬ ಅಧಿಕಾರದಲ್ಲಿದ್ದ ರಾಷ್ಟ್ರಾಧ್ಯಕ್ಷ, ಬಲಪಂಥದ ಜಾಕ್ ಶಿರಾಕ್. ಇನ್ನೊಬ್ಬ ಅಧಿಕಾರದಲ್ಲಿದ್ದ ಪ್ರಧಾನಿ, ಸೋಷಲಿಸ್ಟ್ ಪಕ್ಷದ ಲಿಯೋನೆಲ್ ಜೋಸ್ಪಾಂ. 1995ರಲ್ಲೂ ಎರಡನೇ ಸುತ್ತಿನಲ್ಲಿ ಸೆಣಸಿದ್ದವರು ಇವರಿಬ್ಬರೇ. ಆಗ ಮೊದಲ ಸುತ್ತಿನಲ್ಲಿ ಜೋಸ್ಪಾಂ ಮುಂದಿದ್ದ, ಎರಡನೇ ಸುತ್ತಿನಲ್ಲಿ ಶಿರಾಕ್ ಗೆದ್ದ. ಪತ್ರಿಕೆಗಳು ಅದನ್ನೇ ಬರೆದವು, ಸಮೀಕ್ಷೆಗಳು ಅದನ್ನೇ ಹೇಳಿದವು. ಜೋಸ್ಪಾಂ ಕೂಡ ಮೊದಲ ಸುತ್ತು ಮುಗಿದೇಹೋಯಿತೆಂಬಂತೆ ಪ್ರಚಾರ ಮಾಡಿದ. ತನ್ನ ಕಾರ್ಯಕ್ರಮ ಸೋಷಲಿಸ್ಟ್ ಕಾರ್ಯಕ್ರಮವಲ್ಲ ಎಂದು ಬಾಯಿಬಿಟ್ಟು ಹೇಳಿದ. ನಡುಪಂಥದ ಓಟು ಎರಡನೇ ಸುತ್ತಿನಲ್ಲಿ ಬೇಕಲ್ಲ! ಆದರೆ ಮೊದಲ ಸುತ್ತಿನಲ್ಲಿ ತನ್ನವರ ಓಟು ಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

ಏಪ್ರಿಲ್ 21, ಭಾನುವಾರ. ದೇಶದ ಹಲವು ಕಡೆ ಶಾಲೆಗಳಿಗೆ ವಸಂತದ ರಜೆ. ರಾತ್ರಿ ಸರಿಯಾಗಿ 8 ಗಂಟೆಗೆ ಟೀವಿಯಲ್ಲಿ ಎರಡು ಮುಖ ಮೂಡಿದವು. ಒಂದು ಶಿರಾಕ್. ಇನ್ನೊಂದು ಜೋಸ್ಪಾಂ ಅಲ್ಲ!

ಜಾನ್ ಮರಿ ಲೆ ಪೆನ್! ಅಲ್ಜೀರಿಯಾ ಯುದ್ಧದ ಮಾಜಿ ಪ್ಯಾರಾ ಸೈನಿಕ, 1972ರಿಂದ ನ್ಯಾಷನಲ್ ಫ್ರಂಟ್ ಎಂಬ ಕಡು ಬಲಪಂಥದ ಪಕ್ಷ ಕಟ್ಟಿಕೊಂಡು ಬಂದವನು. ಹಿಟ್ಲರನ ಗ್ಯಾಸ್ ಕೋಣೆಗಳು ಎರಡನೇ ಮಹಾಯುದ್ಧದ ಇತಿಹಾಸದಲ್ಲಿ ಒಂದು ಸಣ್ಣ ವಿವರ ಎಂದು 1987ರಲ್ಲಿ ಹೇಳಿ ಕೋರ್ಟಿನಿಂದ ದಂಡ ಹಾಕಿಸಿಕೊಂಡವನು. 1974ರಲ್ಲಿ ಇದೇ ಚುನಾವಣೆಗೆ ನಿಂತು ನೂರಕ್ಕೆ ಒಂದು ಓಟನ್ನೂ ಪಡೆಯಲಾಗದೆ ನಗೆಪಾಟಲಾದವನು. ಈಗ ಆ ಮನುಷ್ಯ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಪದವಿಯ ಹೊಸ್ತಿಲಲ್ಲಿ ನಿಂತಿದ್ದ.

ಅದೇ ರಾತ್ರಿ ಜೋಸ್ಪಾಂ ಸೋಲಿನ ಹೊಣೆ ತನ್ನದೇ ಎಂದು ಒಪ್ಪಿಕೊಂಡು, ರಾಜಕೀಯದಿಂದಲೇ ನಿವೃತ್ತಿ ಘೋಷಿಸಿದ. ಅವನ ಪ್ರಚಾರ ಕಚೇರಿಯಲ್ಲಿ ಹುಡುಗ ಹುಡುಗಿಯರು ಬಿಕ್ಕಿಬಿಕ್ಕಿ ಅತ್ತರು.

ಲೆಕ್ಕ ಹಾಕಿ ನೋಡಿ

ಈಗ ಪೆನ್ನು ಕಾಗದ ತೆಗೆದುಕೊಳ್ಳಿ. ಕಣ್ಣೀರಿಗಿಂತ ಲೆಕ್ಕ ಹೆಚ್ಚು ಕಲಿಸುತ್ತದೆ.

ಶಿರಾಕ್‌ಗೆ ಬಿದ್ದದ್ದು 56,65,855 ಓಟು. ಶೇಕಡಾ 19.88. ಲೆ ಪೆನ್‌ಗೆ 48,04,713. ಶೇಕಡಾ 16.86. ಜೋಸ್ಪಾಂಗೆ 46,10,113. ಶೇಕಡಾ 16.18. ಎರಡನೇ ಮತ್ತು ಮೂರನೇ ಸ್ಥಾನದ ನಡುವಿನ ಅಂತರ 1,94,600 ಓಟು. ನಮ್ಮ ಬೆಂಗಳೂರಿನ ಒಂದು ಸಾಧಾರಣ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲೇ ಅಷ್ಟು ಹೆಸರುಗಳಿರುತ್ತವೆ.

ಮತಗಟ್ಟೆಯ ಕಡೆ ತಲೆಹಾಕದವರು ಎಷ್ಟು ಜನ ಗೊತ್ತೇ? ಪಟ್ಟಿಯಲ್ಲಿದ್ದ 4 ಕೋಟಿ 12 ಲಕ್ಷದಷ್ಟು ಮತದಾರರಲ್ಲಿ 1 ಕೋಟಿ 17 ಲಕ್ಷ! ಶೇಕಡಾ 28.4. ಇನ್ನೂ ಸುಮಾರು 10 ಲಕ್ಷ ಜನ ಮತಗಟ್ಟೆಗೆ ಹೋಗಿ ಖಾಲಿ ಲಕೋಟೆಯನ್ನೋ ಕುಲಗೆಟ್ಟ ಚೀಟಿಯನ್ನೋ ಹಾಕಿ ಬಂದರು. ಅಂದರೆ ಮನೆಯಲ್ಲಿ ಉಳಿದವರ ಸಂಖ್ಯೆ ಶಿರಾಕ್ ಮತ್ತು ಲೆ ಪೆನ್ ಇಬ್ಬರ ಓಟನ್ನೂ ಕೂಡಿಸಿದರೆ ಬರುವುದಕ್ಕಿಂತ ದೊಡ್ಡದು. ಆ ದಿನ ಫ್ರಾನ್ಸಿನ ಅತಿ ದೊಡ್ಡ ಪಕ್ಷ ಯಾವುದು? "ನಾನೊಬ್ಬ ಹೋಗದಿದ್ದರೆ ಏನಾಗುತ್ತೆ" ಪಕ್ಷ!

ಹೋದವರಾದರೂ ಏನು ಮಾಡಿದರು? ಕಣದಲ್ಲಿದ್ದವರು 16 ಮಂದಿ. ಜೋಸ್ಪಾಂ ಜೊತೆ ಸೇರಿ 1997ರಲ್ಲಿ ಸರ್ಕಾರ ಕಟ್ಟಿದ ಪಕ್ಷಗಳೇ ಒಂದೊಂದು ಹುರಿಯಾಳನ್ನು ನಿಲ್ಲಿಸಿದ್ದವು. ಕಮ್ಯುನಿಸ್ಟರ ರೋಬರ್ ಯೂ, ಹಸಿರು ಪಕ್ಷದ ನೊಯೆಲ್ ಮಾಮೇರ್, ರಾಡಿಕಲ್ ಪಕ್ಷದಿಂದ ಕ್ರಿಸ್ತಿಯಾನ್ ತೊಬಿರಾ. ಇವರ ಮೇಲೆ ಜೋಸ್ಪಾಂ ಸಂಪುಟದಲ್ಲಿ ಗೃಹಮಂತ್ರಿಯಾಗಿದ್ದ ಜಾನ್ ಪಿಯರ್ ಶೆವೆನ್‌ಮಾಂ. ಇವರು ನಾಲ್ವರು ಮತ್ತು ಜೋಸ್ಪಾಂ ಸೇರಿ ಪಡೆದದ್ದು ಶೇಕಡಾ 32.45. ಶಿರಾಕ್‌ಗಿಂತ ಎಷ್ಟೋ ಮೇಲೆ! ಐದು ಚೂರಾಗಿ ಒಡೆದದ್ದಕ್ಕೆ ಮೂರನೇ ಸ್ಥಾನ. ಇದರ ಆಚೆಗೆ ಟ್ರಾಟ್‌ಸ್ಕಿವಾದಿಗಳು ಮೂವರು. ಅವರಿಗೆ ಬಿದ್ದದ್ದು ಶೇಕಡಾ 10.44.

ಶೆವೆನ್‌ಮಾಂ ಸಂಪುಟ ಬಿಟ್ಟದ್ದೇಕೆ ಎಂಬುದನ್ನು ಈ ಪತ್ರಿಕೆಯ ಓದುಗರು ತಿಳಿದಿರಬೇಕು. ಕಾರ್ಸಿಕಾ ದ್ವೀಪಕ್ಕೆ ಒಂದಿಷ್ಟು ಹೆಚ್ಚಿನ ಅಧಿಕಾರ ಕೊಡಲು, ಅಲ್ಲಿನ ಶಾಲೆಗಳಲ್ಲಿ ಕಾರ್ಸಿಕನ್ ಭಾಷೆ ಕಲಿಸಲು ಜೋಸ್ಪಾಂ ಒಪ್ಪಿದ್ದ. ಅದನ್ನು ಸಹಿಸದೆ 2000ದ ಆಗಸ್ಟಿನಲ್ಲಿ ಶೆವೆನ್‌ಮಾಂ ರಾಜೀನಾಮೆ ಎಸೆದ. ಪುಟ್ಟ ದ್ವೀಪವೊಂದರ ಭಾಷೆಗೆ ಶಾಲೆಯ ಬಾಗಿಲು ತೆರೆದದ್ದಕ್ಕೆ ಅಷ್ಟು ಸಿಟ್ಟು! ಆ ಮನುಷ್ಯ ಪಡೆದದ್ದು 15 ಲಕ್ಷ ಓಟು. ಜೋಸ್ಪಾಂಗೆ ಬೇಕಿದ್ದದ್ದು ಅದರಲ್ಲಿ ಎಂಟನೇ ಒಂದು ಪಾಲು.

ತೊಬಿರಾ ಮೇಲೆ ಇಂದಿಗೂ ಗೂಬೆ ಕೂರಿಸುತ್ತಾರೆ. ಆಕೆ ದಕ್ಷಿಣ ಅಮೆರಿಕದಲ್ಲಿರುವ ಫ್ರೆಂಚ್ ಗಯಾನಾದ ಕಪ್ಪು ಹೆಣ್ಣುಮಗಳು. ಗುಲಾಮಗಿರಿಯನ್ನು ಮನುಕುಲದ ವಿರುದ್ಧದ ಅಪರಾಧ ಎಂದು ಸಾರಿದ 2001ರ ಕಾನೂನಿನ ಹಿಂದಿದ್ದವರು. ಆಕೆಗೆ ಬಿದ್ದ 6,60,447 ಓಟಿನಲ್ಲಿ ಮೂರನೇ ಒಂದು ಪಾಲು ಜೋಸ್ಪಾಂಗೆ ಬಿದ್ದಿದ್ದರೆ ಕಥೆಯೇ ಬೇರೆ, ನಿಜ. ಆದರೆ ನ್ಯಾಯವಾಗಿ ಹೇಳಿ, ತಪ್ಪು ಆಕೆಯದೇ? ತನಗೆ ಹಿಡಿಸಿದವರಿಗೆ ಓಟು ಹಾಕಿದವರು ಕೊನೆಗೆ ಓಟನ್ನಾದರೂ ಹಾಕಿದರು. ಆ ಒಂದು ಕೋಟಿ ಹದಿನೇಳು ಲಕ್ಷ ಜನರನ್ನು ಯಾರೂ ಬೈಯಲಿಲ್ಲ. ಯಾಕೆಂದರೆ ಅವರಿಗೆ ಹೆಸರಿಲ್ಲ, ಮುಖವಿಲ್ಲ. ಬೈಸಿಕೊಳ್ಳುವುದಕ್ಕೂ ಕಣದಲ್ಲಿರಬೇಕಲ್ಲ!

ಹದಿನಾಲ್ಕು ದಿನಗಳ ಬೀದಿ

ಆ ರಾತ್ರಿಯೇ ಪ್ಯಾರಿಸ್ಸಿನ ಬೀದಿಗೆ ಜನ ಇಳಿದರು. ಮರುದಿನದಿಂದ ಹೈಸ್ಕೂಲು, ಕಾಲೇಜು ಮಕ್ಕಳು ಕ್ಲಾಸು ಬಿಟ್ಟು ಹೊರಬಂದರು. ಊರೂರಿನಲ್ಲಿ ಮೆರವಣಿಗೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಓಟಿನ ವಯಸ್ಸೇ ಆಗಿರಲಿಲ್ಲ. ಹದಿನೆಂಟು ದಾಟಿಯೂ ಭಾನುವಾರ ಮಲಗಿದ್ದ ಅಣ್ಣ ಅಕ್ಕಂದಿರು ಅವರ ಜೊತೆ ನಾಚಿಕೆಯಿಂದ ತಲೆತಗ್ಗಿಸಿ ನಡೆದರು. ಮೇ 1ರಂದು ದೇಶಾದ್ಯಂತ ಬೀದಿಗಿಳಿದವರು ಹತ್ತು ಲಕ್ಷಕ್ಕೂ ಹೆಚ್ಚು. ಅದೇ ದಿನ ಅದೇ ಪ್ಯಾರಿಸ್ಸಿನಲ್ಲಿ ಲೆ ಪೆನ್ ತನ್ನ ವಾಡಿಕೆಯಂತೆ ಜೋನ್ ಆಫ್ ಆರ್ಕ್ ಹೆಸರಿನಲ್ಲಿ ತನ್ನ ಮೆರವಣಿಗೆ ನಡೆಸಿದ.

ಫುಟ್ಬಾಲ್ ಆಟಗಾರ ಜಿದಾನ್ ಗೊತ್ತಲ್ಲ ನಿಮಗೆ? 1998ರ ವಿಶ್ವಕಪ್ ಫೈನಲಿನಲ್ಲಿ ತಲೆಯಿಂದ ಎರಡು ಗೋಲು ಹೊಡೆದು ಫ್ರಾನ್ಸಿಗೆ ಕಪ್ ತಂದವನು. ಅಲ್ಜೀರಿಯಾದಿಂದ ಬಂದ ಬಡ ದಂಪತಿಗಳ ಮಗ, ಮಾರ್ಸೇ ನಗರದಲ್ಲಿ ಹುಟ್ಟಿದವನು. ರಾಜಕೀಯ ಮಾತಾಡದ ಆ ಮೌನಿಯೂ ಬಾಯಿಬಿಟ್ಟು, ಲೆ ಪೆನ್ ಪಕ್ಷಕ್ಕೆ ಓಟು ಹಾಕುವ ಮುನ್ನ ಅದರ ಪರಿಣಾಮ ಯೋಚಿಸಿ ಎಂದ.

ಆದರೆ ಬೀದಿಯಲ್ಲಿ ಕೂಗಿದ ಘೋಷಣೆ ಏನಿತ್ತು ಗೊತ್ತೇ? "ಕಳ್ಳನಿಗೆ ಓಟು ಹಾಕಿ, ಫ್ಯಾಸಿಸ್ಟನಿಗೆ ಬೇಡ!" ಶಿರಾಕ್ ಪ್ಯಾರಿಸ್ ಮೇಯರ್ ಆಗಿದ್ದ ಕಾಲದ ಹಣದ ಹಗರಣಗಳು ಬೆನ್ನಿಗಿದ್ದವು. ಮುಂದೆ 2011ರಲ್ಲಿ ಆ ಬಗ್ಗೆ ಕೋರ್ಟು ಅವನನ್ನು ತಪ್ಪಿತಸ್ಥ ಎಂದು ತೀರ್ಮಾನಿಸಿ ಎರಡು ವರ್ಷದ ಅಮಾನತು ಶಿಕ್ಷೆಯನ್ನೂ ಕೊಟ್ಟಿತು. ಜೀವಮಾನವಿಡೀ ಶಿರಾಕ್‌ನನ್ನು ವಿರೋಧಿಸಿದ ಎಡಪಂಥೀಯರು ಈಗ ಅವನಿಗೇ ಓಟು ಒತ್ತಬೇಕು. ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡು, ಕೈಗೆ ರಬ್ಬರ್ ಗವಸು ತೊಟ್ಟು ಓಟು ಹಾಕೋಣ ಎಂದು ಕೆಲವರು ಹೊರಟರು. ಹಾಗೆ ಮಾಡಿದರೆ ಮತದ ಗುಟ್ಟು ಬಯಲಾಗುತ್ತದೆ ಎಂದು ಅಧಿಕಾರಿಗಳು ಎಚ್ಚರಿಸಬೇಕಾಯಿತು. ನಗು ಬರುತ್ತದೆಯೇ? ಅವರಿಗೆ ನಗು ಬರಲಿಲ್ಲ.

ಪ್ರತಿಸಲ ಎರಡನೇ ಸುತ್ತಿಗೆ ಮುನ್ನ ಇಬ್ಬರೂ ಟೀವಿಯಲ್ಲಿ ಎದುರುಬದುರು ಕೂತು ವಾದ ಮಾಡುವುದು 1974ರಿಂದ ಬಂದ ಪದ್ಧತಿ. ಲೆ ಪೆನ್ ಎದುರು ಕೂರುವುದಿಲ್ಲ ಎಂದ ಶಿರಾಕ್. ದ್ವೇಷದ ಜೊತೆ ಚರ್ಚೆ ಇಲ್ಲ ಎಂಬುದು ಕಾರಣ. ಜನ ಚಪ್ಪಾಳೆ ತಟ್ಟಿದರು. ಅದರ ಜೊತೆಗೇ ಶಿರಾಕ್ ಇನ್ನು ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಲಿಲ್ಲ ಎಂಬುದನ್ನು ಎಷ್ಟು ಜನ ಗಮನಿಸಿದರು?

ಮೇ 5. ಶಿರಾಕ್‌ಗೆ 2,55,37,956 ಓಟು. ಶೇಕಡಾ 82.21! ಲೆ ಪೆನ್‌ಗೆ 55,25,032. ಶೇಕಡಾ 17.79. ಆ ದೇಶದ ಇಂಥ ಚುನಾವಣೆಗಳಲ್ಲಿ ಯಾರೂ ಕಾಣದ ಗೆಲುವು. ಮೊದಲ ಸುತ್ತಿನಲ್ಲಿ ನೂರಕ್ಕೆ ಇಪ್ಪತ್ತು ಓಟು ಗಿಟ್ಟದವನಿಗೆ ಎರಡನೇ ಸುತ್ತಿನಲ್ಲಿ ಎಂಬತ್ತೆರಡು!

ದೇಶ ಉಳಿಯಿತು. ಹೌದು, ಉಳಿಯಿತು. ಆ ಹದಿನಾಲ್ಕು ದಿನ ಬೀದಿಗಿಳಿದವರಿಗೆ ಕೈಮುಗಿಯಬೇಕು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಅಸಹ್ಯದ ಓಟಿಗೆ ಬೆಲೆಯಿಲ್ಲ

ಒಂದೇ ತಿಂಗಳು ಕಳೆದು ಜೂನ್ 9ಕ್ಕೆ ಪಾರ್ಲಿಮೆಂಟ್ ಚುನಾವಣೆಯ ಮೊದಲ ಸುತ್ತು. ಹತ್ತು ಲಕ್ಷ ಜನ ಬೀದಿಗಿಳಿದ ದೇಶ. ಪಾಠ ಕಲಿತಿರಬೇಕಲ್ಲ? ನೂರಕ್ಕೆ 35ಕ್ಕಿಂತ ಹೆಚ್ಚು ಜನ ಮನೆಯಲ್ಲೇ ಉಳಿದರು! ಶಿರಾಕ್ ಪಕ್ಷ ಸ್ಪಷ್ಟ ಬಹುಮತ ಬಾಚಿಕೊಂಡಿತು. ಎಂಬತ್ತೆರಡರಲ್ಲಿ ಅರವತ್ತಕ್ಕೂ ಹೆಚ್ಚು ಪಾಲು ಬೇರೆಯವರ ಮನೆಯಿಂದ ಎರವಲು ಬಂದದ್ದೆಂದು ಶಿರಾಕ್ ನೆನಪಿಟ್ಟುಕೊಳ್ಳಲಿಲ್ಲ. ಯಾಕೆ ಇಟ್ಟುಕೊಳ್ಳಬೇಕು? ನೀವು ಅವನನ್ನು ಆರಿಸಿರಲಿಲ್ಲ. ಇನ್ನೊಬ್ಬನನ್ನು ತಡೆದಿರಿ, ಅಷ್ಟೇ. ತಡೆಯುವ ಓಟಿನ ಹಿಂದೆ ಬೇಡಿಕೆ ಇರುವುದಿಲ್ಲ. ಬೇಡಿಕೆಯಿಲ್ಲದ ಓಟಿಗೆ ಯಾವ ಪುಢಾರಿಯೂ ಋಣಿಯಾಗುವುದಿಲ್ಲ.

ನಾಲ್ಕು ವರ್ಷ ಕಳೆದು 2006ರಲ್ಲಿ ಅದೇ ಸರ್ಕಾರ ಒಂದು ಕಾನೂನು ತಂದಿತು. ಇಪ್ಪತ್ತಾರು ತುಂಬದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಸೇರಿಸಿಕೊಂಡ ಮಾಲೀಕ ಮೊದಲ ಎರಡು ವರ್ಷ ಕಾರಣ ಹೇಳದೆ ಮನೆಗೆ ಕಳಿಸಬಹುದು ಎಂಬ ಕಾನೂನು. 2002ರಲ್ಲಿ ಶಿರಾಕ್‌ನನ್ನು ಉಳಿಸಲು ಬೀದಿಗಿಳಿದಿದ್ದ ಯುವಪೀಳಿಗೆ ಈಗ ಶಿರಾಕ್ ವಿರುದ್ಧವೇ ಬೀದಿಗಿಳಿಯಬೇಕಾಯಿತು. ವಿಶ್ವವಿದ್ಯಾಲಯಗಳು ಬಂದ್ ಆದವು. ಏಪ್ರಿಲಿನಲ್ಲಿ ಕಾನೂನು ವಾಪಸಾಯಿತು. ಗೆದ್ದರು, ಸಂತೋಷ. ಆದರೆ ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಅರ್ಧ ಗಂಟೆ ಖರ್ಚು ಮಾಡಿದ್ದರೆ ಆ ಕಾನೂನು ತರುವವರು ಆ ಕುರ್ಚಿಯಲ್ಲಿ ಇರುತ್ತಿದ್ದರೇ ಎಂದು ಕೇಳಿಕೊಳ್ಳಬೇಡವೇ?

2007ರಲ್ಲಿ ಫ್ರಾನ್ಸ್ ಎಚ್ಚೆತ್ತಿತು. ಮೊದಲ ಸುತ್ತಿನಲ್ಲೇ ಮತದಾನ ಶೇಕಡಾ 83 ದಾಟಿತು. ಮತಗಟ್ಟೆಗಳ ಮುಂದೆ ಉದ್ದುದ್ದ ಸಾಲು. ಲೆ ಪೆನ್ ಶೇಕಡಾ 10.44ಕ್ಕೆ ಕುಸಿದು ನಾಲ್ಕನೇ ಸ್ಥಾನಕ್ಕೆ ಬಿದ್ದ. ಯಾವ ಮೆರವಣಿಗೆಯೂ ಬೇಕಾಗಲಿಲ್ಲ. ಸಾಲಿನಲ್ಲಿ ನಿಂತದ್ದೇ ಸಾಕಾಯಿತು!

ಆದರೆ ನೆನಪು ಎಷ್ಟು ದಿನ ಇರುತ್ತದೆ? 2017ರಲ್ಲಿ ಲೆ ಪೆನ್ ಮಗಳು ಮರೀನ್ ಎರಡನೇ ಸುತ್ತಿಗೆ ಬಂದಳು. ಪಡೆದದ್ದು ಶೇಕಡಾ 33.9. 2022ರಲ್ಲಿ ಮತ್ತೆ ಬಂದಳು. ಈ ಸಲ ಶೇಕಡಾ 41.45. ಎರಡೂ ಸಲ ಮ್ಯಾಕ್ರಾನ್ ಗೆದ್ದ. 2022ರ ಮೊದಲ ಸುತ್ತಿನಲ್ಲಿ ಎಡಪಂಥದ ಮೆಲಾಂಶೋನ್ ಎರಡನೇ ಸ್ಥಾನಕ್ಕೆ ಸುಮಾರು 4 ಲಕ್ಷ 21 ಸಾವಿರ ಓಟಿನ ಕೊರತೆಯಿಂದ ಹಿಂದೆ ಬಿದ್ದ. ಆಗಲೂ ನೂರಕ್ಕೆ 26 ಜನ ಮನೆಯಲ್ಲಿದ್ದರು. ಅಪ್ಪನಿಗೆ 17, ಮಗಳಿಗೆ 33, ಆಮೇಲೆ 41. ಪ್ರತಿಸಲ "ತಡೆಯುವ ಓಟು" ಕೇಳಿದರೆ ಗೋಡೆ ಹೀಗೆಯೇ ಸವೆಯುತ್ತದೆ. ಅಪ್ಪ ಲೆ ಪೆನ್ 2025ರ ಜನವರಿಯಲ್ಲಿ ತೀರಿಕೊಂಡ. ಅವನು ಬಿತ್ತಿದ್ದು ಮಾತ್ರ ಬೆಳೆಯುತ್ತಲೇ ಇತ್ತು.

"ನಮ್ಮವರೇ ಮೊದಲು" ಎಂದರೆ?

ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಆಡಬೇಕು. ಲೆ ಪೆನ್ ಘೋಷಣೆ "ಫ್ರೆಂಚರೇ ಮೊದಲು" ಎಂಬುದಾಗಿತ್ತು. ಕೆಲಸ ಮೊದಲು ಫ್ರೆಂಚರಿಗೆ, ಮನೆ ಮೊದಲು ಫ್ರೆಂಚರಿಗೆ. ಓದುತ್ತಿದ್ದಂತೆ ನಿಮ್ಮಲ್ಲಿ ಕೆಲವರಿಗೆ "ಅರೆ, ನಾವು ಹೇಳುವುದೂ ಇದನ್ನೇ ಅಲ್ಲವೇ" ಅನ್ನಿಸಿರಬಹುದು. ನಮ್ಮ ವೈರಿಗಳೂ ನಮ್ಮನ್ನು ಹೀಗೇ ಹಂಗಿಸುತ್ತಾರೆ.

ಅಲ್ಲ ಗೆಳೆಯರೇ, ಅದಲ್ಲ ಇದು. ನೆಲದ ಮಕ್ಕಳಿಗೆ ಕೆಲಸ ಕೊಡಿ ಎಂದು 1986ರಲ್ಲಿ ವರದಿ ಕೊಟ್ಟ ಸರೋಜಿನಿ ಮಹಿಷಿಯವರು ಯಾರ ರಕ್ತವನ್ನೂ ಪರೀಕ್ಷೆ ಮಾಡಿಸಿರಲಿಲ್ಲ. ಕನ್ನಡಿಗ ಎಂದರೆ ಯಾರು? ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ ಕನ್ನಡಿಗರು. ತಮಿಳು ಮನೆಮಾತಿನ ಮಾಸ್ತಿ ಕನ್ನಡದ ಆಸ್ತಿ. ಕೊಂಕಣಿ ಮನೆಯ ಕಾರ್ನಾಡರು ಕನ್ನಡಕ್ಕೆ ಜ್ಞಾನಪೀಠ ತಂದರು. ಈ ನೆಲದಲ್ಲಿ ಬದುಕಿ, ಈ ನುಡಿಯನ್ನು ತನ್ನದು ಮಾಡಿಕೊಂಡವನಿಗೆ ನಮ್ಮ ಬಾಗಿಲು ತೆರೆದಿದೆ. ಜಿದಾನ್‌ನಂಥವರು ಅಲ್ಲೇ ಹುಟ್ಟಿ, ಅದೇ ನುಡಿಯಾಡಿ, ಅದೇ ದೇಶಕ್ಕೆ ಕಪ್ ತಂದರೂ ಲೆ ಪೆನ್ ಕಣ್ಣಿಗೆ ಅನುಮಾನದ ಜನ. ನಾವು ಹಕ್ಕು ಕೇಳುತ್ತಿದ್ದೇವೆ, ಅವನು ಹಗೆ ಹಂಚುತ್ತಿದ್ದ. ಈ ಗೆರೆಯನ್ನು ನಮ್ಮವರೇ ಯಾರಾದರೂ ದಾಟಿದರೆ ಮೊದಲು ತಡೆಯಬೇಕಾದವರು ನಾವು. ಯಾಕೆಂದರೆ ನ್ಯಾಯವಾದ ಸಿಟ್ಟನ್ನು ಸರಿಯಾದ ರಾಜಕೀಯ ಕೈಹಿಡಿಯದಿದ್ದರೆ, ಹಗೆಯ ವ್ಯಾಪಾರಿ ಬಂದು ಎತ್ತಿಕೊಂಡು ಹೋಗುತ್ತಾನೆ. ಉತ್ತರ ಫ್ರಾನ್ಸಿನ ಗಣಿ ಮುಚ್ಚಿದ, ಗಿರಣಿ ಮುಚ್ಚಿದ ಊರುಗಳಲ್ಲಿ ನಡೆದದ್ದು ಅದೇ.

ಲಾಲ್‌ಬಾಗಿನಿಂದ ಸಂತೇಮರಹಳ್ಳಿಗೆ

"ಸಾರ್, ಅಲ್ಲಿಯ ಎರಡು ಸುತ್ತಿನ ಪದ್ಧತಿ ನಮ್ಮಲ್ಲೂ ಬರಲಿ" ಎನ್ನುವವರಿದ್ದಾರೆ. ನಮ್ಮ ದೇಶದಲ್ಲಿ ಅದರ ಹತ್ತಿರದ ಸಂಬಂಧಿ ಒಂದಿದೆ. ನಮ್ಮ ರಾಷ್ಟ್ರಪತಿ ಚುನಾವಣೆ. ಅಲ್ಲಿ ಜನರಲ್ಲ, ಸಂಸದರು ಶಾಸಕರು ಓಟು ಹಾಕುತ್ತಾರೆ. ಹುರಿಯಾಳುಗಳ ಹೆಸರಿನ ಮುಂದೆ 1, 2, 3 ಎಂದು ಆದ್ಯತೆ ಬರೆಯುತ್ತಾರೆ. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧ ದಾಟದಿದ್ದರೆ, ಕೆಳಗಿರುವವರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಓಟಿನ ಮುಂದಿನ ಆದ್ಯತೆಯನ್ನು ಎಣಿಸುತ್ತಾರೆ.

ಅದು ನಿಜವಾಗಿ ಕೆಲಸಕ್ಕೆ ಬಂದದ್ದು 1969ರಲ್ಲಿ. ಅದರ ಬೀಜ ಬಿದ್ದದ್ದು ನಮ್ಮ ಬೆಂಗಳೂರಿನಲ್ಲೇ! ಆ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪಕ್ಷ ಆರಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ಇಂದಿರಾ ಗಾಂಧಿ ಒಲವು ತೋರಿಸಿದ್ದು ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರತ್ತ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515. ಗೆಲ್ಲಲು ಬೇಕಿದ್ದದ್ದು 4,18,169. ಎರಡನೇ ಆದ್ಯತೆ ಎಣಿಸಿದಾಗ ಗಿರಿ 4,20,077, ರೆಡ್ಡಿ 4,05,427. ಆ ವರ್ಷವೇ ಕಾಂಗ್ರೆಸ್ ಎರಡು ಹೋಳಾಯಿತು. ಎರಡನೇ ಆದ್ಯತೆಯ ಒಂದಿಷ್ಟು ಓಟು ದೇಶದ ದಿಕ್ಕನ್ನೇ ತಿರುಗಿಸಿತು.

ಆದರೆ ಆ ಭಾಗ್ಯ ಶಾಸಕರಿಗೆ ಮಾತ್ರ. ನಿಮಗೆ, ನನಗೆ ಎರಡನೇ ಸುತ್ತೂ ಇಲ್ಲ, ಎರಡನೇ ಆದ್ಯತೆಯೂ ಇಲ್ಲ. ಇಲ್ಲಿ ಎಲ್ಲರಿಗಿಂತ ಒಂದು ಓಟು ಹೆಚ್ಚು ಪಡೆದವನೇ ರಾಜ. ನೂರಕ್ಕೆ ಮೂವತ್ತು ಬಿದ್ದರೂ ಸೈ. ಸುಳ್ಳಲ್ಲ, ಒಂದೇ ಒಂದು ಓಟು! 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಗೆದ್ದವರಿಗೆ 40,752, ಸೋತವರಿಗೆ 40,751. "ನಾನೊಬ್ಬ ಹೋಗದಿದ್ದರೆ" ಎಂದು ಅಲ್ಲಿ ಮನೆಯಲ್ಲಿ ಕೂತವನನ್ನು ಹುಡುಕಿ ಮಾತಾಡಿಸಬೇಕು ಅನ್ನಿಸುತ್ತದೆ. ಹಳ್ಳಿಯ ಮಾತಾಯಿತು ಎನ್ನುತ್ತೀರಾ? 2023ರಲ್ಲಿ ನಮ್ಮ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಓಟು. ಒಂದು ಕ್ರಿಕೆಟ್ ತಂಡ, ಜೊತೆಗೆ ಅಂಪೈರುಗಳು, ಟೀ ಹಂಚುವ ಹುಡುಗರು. ಅಷ್ಟು ಜನ! ಆ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 73 ಮಂದಿ ಓಟು ಹಾಕಿದರೆ ಬೆಂಗಳೂರಿನಲ್ಲಿ ಹಾಕಿದವರು ಸುಮಾರು 54.

ಕೂಲಿ ಬಿಟ್ಟು, ಬಿಸಿಲಲ್ಲಿ ನಿಂತು ಹಳ್ಳಿಯ ಅಜ್ಜಿ ಒತ್ತುತ್ತಾಳೆ. ಕೈಯಲ್ಲಿ ಡಿಗ್ರಿ ಹಿಡಿದ ನೀವು ಒತ್ತುವುದಿಲ್ಲ. ಆಮೇಲೆ ನಾಮಫಲಕದಲ್ಲಿ ಕನ್ನಡ ಇಲ್ಲ, ಬ್ಯಾಂಕಿನಲ್ಲಿ ಕನ್ನಡ ಇಲ್ಲ, ಕೆಲಸದಲ್ಲಿ ಕನ್ನಡಿಗನಿಲ್ಲ ಎಂದು ನಮ್ಮ ಕಚೇರಿಗೆ ಬರುತ್ತೀರಿ. ಬನ್ನಿ, ನಾವು ಹೋರಾಡುತ್ತೇವೆ. ಆದರೆ ಓಟು ಹಾಕದ ಜನರ ಬೇಡಿಕೆಗೆ ಯಾವ ಶಾಸಕ ಹೆದರುತ್ತಾನೆ, ಹೇಳಿ? ಅವನ ಹತ್ತಿರ ಮತದಾರರ ಪಟ್ಟಿ ಇರುತ್ತದೆ. ಯಾವ ಬೀದಿಯ ಜನ ಬರುತ್ತಾರೆ, ಯಾವ ಬೀದಿಯವರು ಬರುವುದಿಲ್ಲ ಎಂಬುದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಈಗ ಮಾಡಬೇಕಾದದ್ದು

ಮೆರವಣಿಗೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಬೀದಿ ನಮ್ಮ ಉಸಿರು. ಆದರೆ ಫ್ರಾನ್ಸಿನ ಆ ಹತ್ತು ಲಕ್ಷ ಜನರನ್ನು ನೆನೆಯಿರಿ. ಅವರಿಗೆ ಮೇ 5 ಎಂಬ ಎರಡನೇ ಭಾನುವಾರ ಇತ್ತು. ತಪ್ಪು ತಿದ್ದಿಕೊಳ್ಳಲು ಹದಿನಾಲ್ಕು ದಿನ ಸಿಕ್ಕಿತು. ಅಷ್ಟಾದರೂ ಮೂಗು ಮುಚ್ಚಿಕೊಂಡು ಓಟು ಹಾಕಬೇಕಾಯಿತು. ನಮಗೆ ಆ ಭಾನುವಾರ ಇಲ್ಲ. ಎಣಿಕೆಯ ಮರುದಿನ ನೀವು ಎಷ್ಟು ಲಕ್ಷ ಜನ ಬೀದಿಗಿಳಿದರೂ ಐದು ವರ್ಷ ಕಾಯಲೇಬೇಕು.

ಆದ್ದರಿಂದ ಈ ಪತ್ರಿಕೆ ಮಡಿಚಿಟ್ಟ ಮೇಲೆ ಮೊದಲ ಕೆಲಸ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಕಳೆದ ಸಲ ಇತ್ತು ಎಂದು ಸುಮ್ಮನಿರಬೇಡಿ, ಈಗ ಇದೆಯೇ ನೋಡಿ. ಹದಿನೆಂಟು ತುಂಬಿದ್ದರೆ ನಮೂನೆ 6 ತುಂಬಿ. ಊರು ಬಿಟ್ಟು ಬೆಂಗಳೂರಿಗೆ ಬಂದವರು, ರೂಮು ಬದಲಿಸಿದವರು ನಮೂನೆ 8 ತುಂಬಿ. ಹಿಂದಿನಂತೆ ಜನವರಿಗಾಗಿ ಇಡೀ ವರ್ಷ ಕಾಯಬೇಕಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಮೊದಲ ತಾರೀಖುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಹಾಸ್ಟೆಲಿನಲ್ಲಿ, ನಿಮ್ಮ ಓಣಿಯಲ್ಲಿ ಹತ್ತು ಜನರ ಹೆಸರು ಸೇರಿಸಿ. ಹುರಿಯಾಳು ಮನೆಬಾಗಿಲಿಗೆ ಬಂದಾಗ ಕನ್ನಡಕ್ಕೆ ಏನು ಮಾಡುತ್ತೀಯಪ್ಪಾ ಎಂದು ಕೇಳಿ, ಬಾಯಿಬಿಡಿಸಿ. ಆಗ ನಿಮ್ಮದು ತಡೆಯುವ ಓಟಲ್ಲ, ಕೇಳುವ ಓಟು.

ಯಾರಿಗೆ ಎಂದು ನಾವು ಹೇಳುವುದಿಲ್ಲ. ಅದು ನಿಮ್ಮ ಬೆರಳು, ನಿಮ್ಮ ಬುದ್ಧಿ.

ಮುಂದಿನ ಸಲ ಸಿಕ್ಕಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಓಟಿನ ದಿನ ಎಲ್ಲಿದ್ದಿರಿ? ಬಾಯಿಂದ ಉತ್ತರ ಬೇಡ. ಬೆರಳು ತೋರಿಸಿ, ಸಾಕು!